ಖೀಮಾ ಮಷಿನ್ನಿನ ಸಾಹೇಬರು

ಮಾಂಸ ಕೊಚ್ಚುವ ಯಂತ್ರವೊಂದನ್ನು ಆರಿಸಲು ವರ್ಷದ ಮೇಲೆ ನಮ್ಮ ಅಂಗಡಿಗೆ ಅಲೆದರೂ ಮಾಂಸ ಎಂಬ ಮಾತನ್ನು ನನ್ನೆದುರು ಒಮ್ಮೆಯೂ ಆಡದ ಗಿರಾಕಿ ಎಂದರೆ ಯಲ್ಲಾಪುರದ ಸಾಹೇಬರು ಒಬ್ಬರೇ. ನಾನು ಬನವಾಸಿ ಕಡೆಯ ಲಿಂಗವಂತರ ಮನೆಯವನು. ಶಿರಸಿಯ ಒಂದು ಕರೆಂಟು ಸಾಮಾನಿನ ಅಂಗಡಿಯಲ್ಲಿ ಹಣೆತುಂಬ ವಿಭೂತಿ ಬಳಿದುಕೊಂಡೇ ವ್ಯಾಪಾರಕ್ಕೆ ನಿಲ್ಲುತ್ತಿದ್ದೆ. ಮೊದಲ ದಿನ ಒಳಗೆ ಬಂದ ಸಾಹೇಬರು ನನ್ನ ಹಣೆ ನೋಡಿದರು, ಆಮೇಲೆ ನೆಲ ನೋಡಿದರು, ಆಮೇಲೆ ಕೆಮ್ಮಿದರು.

"ಒಂದು ಮಷಿನ್ ಬೇಕಿತ್ತು ಭಾಯಿ. ಕರೆಂಟಿಂದು. ನಾರು ಇರೋ ಪದಾರ್ಥ ಹಾಕಿದ್ರೆ ಸಣ್ಣಗೆ ಆಗ್ಬೇಕು."

"ನಾರು ಇರೋ ಪದಾರ್ಥ ಅಂದ್ರ ಯಾವ್ದ್ರಿ?"

"ನೀವು ತಿನ್ನದೇ ಇರೋದು," ಎಂದರು. ಇಷ್ಟು ಹೇಳುವುದಕ್ಕೇ ಅವರ ಕಿವಿ ಕೆಂಪಾಗಿತ್ತು.

ಮೊನ್ನೆ ಯಲ್ಲಾಪುರದಿಂದ ಬಂದ ಪರಿಚಯದವರೊಬ್ಬರು ಸಾಹೇಬರು ತೀರಿಕೊಂಡ ಸುದ್ದಿ ಹೇಳಿದರು. ಮಣ್ಣಾಗಿ ಆಗಲೇ ವಾರವಾಗಿತ್ತಂತೆ. ಸುದ್ದಿ ಕೇಳಿದ್ದೇ ನನಗೆ ಊಟ ಸೇರಲಿಲ್ಲ. ಅವರು ಎಲ್ಲಿ ಹುಟ್ಟಿದರು, ಎಷ್ಟು ಓದಿದರು, ಬಾಡಿಗೆಗೆ ಓಡಿಸುತ್ತಿದ್ದ ಆ ಲಾರಿ ಯಾವಾಗ ಕೊಂಡರು, ಇದೊಂದೂ ನನಗೆ ಸರಿಯಾಗಿ ಗೊತ್ತಿಲ್ಲ. ಗೊತ್ತಿರುವುದು ಅವರು ಒಂದು ಯಂತ್ರ ಆರಿಸಿದ ಬಗೆ. ಮನುಷ್ಯನನ್ನು ಅರಿಯಲು ನನಗೆ ಅಷ್ಟು ಸಾಕಾಯಿತು.

ಅವರು ಮೊದಲು ಅಂಗಡಿಗೆ ಬಂದ ಕಾಲಕ್ಕೆ ಮುಂಬಯಿ ಸರ್ಕಾರ ಹೋಗಿ ಮೈಸೂರು ಸರ್ಕಾರ ಬಂದು ಕೆಲವು ವರ್ಷ ಕಳೆದಿತ್ತು. ಊರಿಗೆ ಕರೆಂಟು ಬಂದಿತ್ತಾದರೂ ಅದನ್ನು ನಂಬಿದವರು ಕಡಿಮೆ. ಜನ ಬಲ್ಬು ಕೊಳ್ಳುತ್ತಿದ್ದರು, ಧೈರ್ಯವಿದ್ದವರು ಫ್ಯಾನು ಕೊಳ್ಳುತ್ತಿದ್ದರು. ಖೀಮಾ ಮಷಿನ್ನು ಕೇಳಿಕೊಂಡು ಬಂದವರು ಇವರೇ ಮೊದಲು. ನಮ್ಮ ಸಾವ್ಕಾರರು ಕೊಂಕಣಿಗರು, ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿದರೆ ಆ ರಾತ್ರಿ ನಿದ್ದೆ ಬಾರದ ಜಾತಿಯವರು. "ಎಲ್ಲಿದ್ರೂ ತರಿಸುವಾ ಸಾಹೇಬ್ರೇ, ನೀವು ಕೂತ್ಕೊಳ್ಳಿ ಮಾರಾಯ್ರೇ" ಎಂದು ಸ್ಟೂಲು ಎಳೆದರು. ಸಾಹೇಬರು ಕೂರಲಿಲ್ಲ. ಅಂಗಡಿಯ ಗೋಡೆಯಲ್ಲಿ ದೇವರ ಪಟವಿದೆ ಎಂದು ಚಪ್ಪಲಿಯನ್ನು ಹೊರಗೇ ಬಿಟ್ಟು ಬಂದಿದ್ದ ಮನುಷ್ಯ. ಕೌಂಟರಿನ ಮೇಲೆ ಕೈಯಿಡುವ ಮೊದಲು ತಮ್ಮದೇ ಕರವಸ್ತ್ರದಿಂದ ಅದನ್ನು ಒರೆಸಿದರು. ನಾನು ಬೆಳಿಗ್ಗೆಯಷ್ಟೇ ಒರೆಸಿದ್ದೆ, ಸ್ವಲ್ಪ ಸಿಟ್ಟೂ ಬಂತು. ಆಮೇಲೆ ತಿಳಿಯಿತು, ಅವರು ಒರೆಸುತ್ತಿದ್ದುದು ಕೌಂಟರಿನ ಧೂಳನ್ನಲ್ಲ, ತಮ್ಮ ಕೈಯ ಲಾರಿ ಎಣ್ಣೆ ಅದಕ್ಕೆ ಹತ್ತದಿರಲಿ ಎಂದು ಮೊದಲು ಕೈಯನ್ನು, ಅಭ್ಯಾಸಬಲದಿಂದ ಆಮೇಲೆ ಮರವನ್ನು.

ಸಾವ್ಕಾರರು ಹುಬ್ಬಳ್ಳಿಗೂ ಮುಂಬಯಿಗೂ ಬರೆದು ಮೂರು ಬಗೆ ತರಿಸಿದರು. ಒಂದು, ಮೇಜಿನ ಅಂಚಿಗೆ ಬಿಗಿದು ಕೈಯಲ್ಲಿ ತಿರುಗಿಸುವುದು. ಇನ್ನೊಂದು, ಕರೆಂಟಿನ ಸಣ್ಣ ಯಂತ್ರ, ಹಾಲಿನ ಕೆನೆಯ ಬಣ್ಣ, ನೋಡಲು ಬಲು ಚೆಂದ. ಮೂರನೆಯದು ಕಪ್ಪು ಕಬ್ಬಿಣದ ದೊಡ್ಡ ಆಸಾಮಿ, ಅದಕ್ಕೆ ಬೇರೆ ಮೋಟರು, ನಡುವೆ ಒಂದು ಪಟ್ಟಿ. ಮೂರಕ್ಕೂ ಮೂತಿಯಲ್ಲಿ ತೂತು ತೂತಿನ ಬಿಲ್ಲೆ. ಒಳಗಿನ ಸುರುಳಿ ತಿರುಗಿ ಪದಾರ್ಥವನ್ನು ತಳ್ಳಿಕೊಂಡು ಬಂದು ಆ ತೂತುಗಳಿಂದ ಹೊರಹಾಕಬೇಕು.

ಕೊಳ್ಳುವ ಮೊದಲು ಪರೀಕ್ಷೆಯಾಗಬೇಕಲ್ಲ. ಆದರೆ ಅಂಗಡಿಯೊಳಗೆ ಅದನ್ನು ತರುವಂತಿಲ್ಲ. ಸಾವ್ಕಾರರು ನೆನೆಸಿದ ಕಡಲೆ ಹಾಕಿ ತೋರಿಸಿದರು. ಮೂರೂ ಯಂತ್ರ ಪಾಸಾದವು. ಸಾಹೇಬರು ತಲೆ ಆಡಿಸಿದರು. "ಕಡಲೆ ಜಗಳ ಮಾಡೂದಿಲ್ಲ ಸಾವ್ಕಾರ್ರೇ. ಜಗಳ ಮಾಡೂದು ಬೇಕು." ಹೀಗೆಂದು ಹೋದವರು ಮುಂದಿನ ಸಲ ಶಿರಸಿಗೆ ಬಾಡಿಗೆ ಬಂದಾಗ ಲಾರಿಯಿಂದ ಒಂದು ಹಲಸಿನಕಾಯಿ ಇಳಿಸಿದರು. ತೊಳೆಯನ್ನು ನಮಗೆ ಕೊಟ್ಟು, ಸುತ್ತಲಿನ ನಾರನ್ನು, ನಾವು ದನಕ್ಕೆ ಹಾಕುವ ಆ ಸ್ಯಾಡೆಯನ್ನು, ತಾವು ಯಂತ್ರಕ್ಕೆ ಹಾಕಿದರು. ಕೈಯಂತ್ರದಲ್ಲಿ ನಾರು ಸುರುಳಿಗೆ ಸುತ್ತಿಕೊಂಡು ಹಿಡಿಕೆ ಅಲ್ಲಾಡದಾಯಿತು. ಚೆಂದದ ಯಂತ್ರ ಗುಂಯ್ ಎಂದು ಬಿಸಿಯಾಗಿ ಸುಟ್ಟ ವಾಸನೆ ಬಿಟ್ಟು ನಿಂತಿತು. ಕರಿಯ ಆಸಾಮಿ ಮಾತ್ರ ಕಟಕಟ ಎನ್ನುತ್ತಾ ಎಲ್ಲವನ್ನೂ ಉಗುಳಿತು.

"ಇದೇ ಖಾಯಂ ಮಾಡಿ ಮತ್ತೆ!" ಎಂದರು ಸಾವ್ಕಾರರು.

ಸಾಹೇಬರು ಯಂತ್ರದಿಂದ ಬಂದ ಪುಡಿಯನ್ನು ಚಿಟಿಕೆಯಷ್ಟು ತೆಗೆದು ನಾಲಿಗೆಯ ಮೇಲೆ ಇಟ್ಟುಕೊಂಡರು. ಕಣ್ಣು ಮುಚ್ಚಿದರು. ಹಲ್ಲಿಗೆ ಹಲ್ಲು ತಾಗದಂತೆ ಬಾಯಿಯನ್ನು ಸ್ವಲ್ಪ ತೆರೆದೇ ಇಟ್ಟುಕೊಂಡು, ನಾಲಿಗೆಯಿಂದ ಅದನ್ನು ಮೇಲಿನ ಒಸಡಿಗೆ ಒತ್ತಿ, ಒತ್ತಿ, ಕೊನೆಗೆ ಕಷ್ಟಪಟ್ಟು ನುಂಗಿದರು. ನನಗೆ ನಗು ತಡೆಯಲಾಗಲಿಲ್ಲ. ಸಾವ್ಕಾರರು ಕಾಳಜಿಯಿಂದ ಕೇಳಿದರು, "ಹಲ್ಲು ನೋವಾ ಸಾಹೇಬ್ರೇ?"

"ನನ್ನ ಹಲ್ಲು ಕಬ್ಬಿಣ ಕಡೀತದೆ. ಇದು ಇನ್ನೂ ದಪ್ಪ ಆಯ್ತು. ಬಿಲ್ಲೆಗೆ ಇದಕ್ಕಿಂತ ಸಣ್ಣ ತೂತು ಕೊರೆಸಿ ಕೊಡ್ತೀರಾ?"

"ಅಷ್ಟು ನುಣ್ಣಗೆ ಬೇಕಿದ್ರೆ ಒರಳಲ್ಲಿ ರುಬ್ಬಿದ್ರಾಯ್ತಲ್ಲ?"

"ಒರಳಲ್ಲಿ ಅಂಟು ಆಗ್ತದೆ. ಗಂಜಿ ಥರ. ಗಂಜಿ ಕುಡಿದು ಕುಡಿದು ಸಾಕಾಗಿದೆ ಅವನಿಗೆ. ಕಾಳು ಕಾಳು ಇರ್ಬೇಕು, ಹಲ್ಲು ಬೇಕಾಗ್ಬಾರ್ದು."

ಅವನಿಗೆ ಎಂದರೆ ಯಾರಿಗೆ ಎಂದು ನಾನಾಗಲಿ ಸಾವ್ಕಾರರಾಗಲಿ ಆಗ ಕೇಳಲಿಲ್ಲ.

ಸಾಹೇಬರ ಲಾರಿಯ ಬಗ್ಗೆ ಒಂದು ಮಾತು ಹೇಳಬೇಕು. ಮರದ ನಾಟಾ, ಭತ್ತ, ಅಡಿಕೆ ಚೀಲ, ಏನು ಸಿಕ್ಕರೆ ಅದನ್ನು ಹೇರಿಕೊಂಡು ಹುಬ್ಬಳ್ಳಿಯಿಂದ ಅಂಕೋಲೆಯವರೆಗೆ ಓಡಾಡುತ್ತಿತ್ತು. ದಾರಿಯಲ್ಲಿ ಯಾರು ಕೈ ಮಾಡಿದರೂ ನಿಲ್ಲಿಸುವುದು, ಹತ್ತಿದವರಿಗೆ ಮೊದಲು "ಊಟ ಆಯ್ತಾ?" ಎಂದು ಕೇಳುವುದು ಅವರ ಕ್ರಮ. ಎಲ್ಲಿಗೆ ಹೋಗಬೇಕು ಎಂಬುದು ಎರಡನೇ ಪ್ರಶ್ನೆ. ಊಟ ಆಗಿಲ್ಲ ಎಂದವನಿಗೆ ಸೀಟಿನ ಕೆಳಗಿನ ಡಬ್ಬಿಯಿಂದ ರೊಟ್ಟಿ ಬರುತ್ತಿತ್ತು. ಅವರ ಪ್ರಪಂಚದಲ್ಲಿ ಮನುಷ್ಯರು ಎರಡೇ ಬಗೆ, ಉಂಡವರು ಮತ್ತು ಉಣ್ಣಬೇಕಾದವರು.

ಯಂತ್ರ ಕೂರಿಸಲು ಅವರ ಮನೆಯ ವೈರಿಂಗ್ ತಡೆಯುತ್ತದೋ ನೋಡಿ ಬಾ ಎಂದು ಸಾವ್ಕಾರರು ನನ್ನನ್ನು ಯಲ್ಲಾಪುರಕ್ಕೆ ಕಳಿಸಿದಾಗ ಅದೇ ಲಾರಿಯಲ್ಲಿ ಹೋದೆ. ಲಾರಿಯ ಮುಂದಿನ ಕ್ಯಾಬಿನ್ನನ್ನು ಸೀಗೆಪುಡಿ ಹಾಕಿ ತೊಳೆದಿದ್ದರು. ನಾನು ಬರುತ್ತೇನೆ ಎಂದೇ ತೊಳೆದದ್ದು, ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ. ಮಂಚಿಕೇರಿ ದಾಟಿದ ಮೇಲೆ ನಾನೇ ಕೇಳಿದೆ.

"ಸಾಹೇಬ್ರ, ಅವನಿಗೆ ಅಂದ್ರಲ್ರಿ, ಯಾರಿಗ್ರಿ?"

 ಅದಕ್ಕೆ ಸಾಹೇಬರು ಇಡಗುಂದಿಯ ಗೌಡರ ಕಥೆ ಹೇಳಿದರು.

ಸಾಹೇಬರಿಗೆ ಕೋವಿಯ ಲೈಸೆನ್ಸಿತ್ತು. ಭತ್ತದ ಕೊಯ್ಲು ಮುಗಿದ ಮೇಲೆ ಇಡಗುಂದಿಯ ಕೆಲವು ರೈತರೊಂದಿಗೆ ಬೇಟೆಗೆ ಹೋಗುವುದು ಅವರಿಗೆ ಹರೆಯದಿಂದ ಬಂದ ರೂಢಿ. ಗದ್ದೆಯ ರೈತರಾದ ಗೌಡರು ಅವರ ಜೋಡಿ. ಗೌಡರು ಗದ್ದಲ ಮಾಡಿ ಪ್ರಾಣಿಯನ್ನು ಸೋವಿ ಎಬ್ಬಿಸುವವರು, ಸಾಹೇಬರು ಗುಂಡು ಹಾಕುವವರು. ಗುಂಡು ತಗುಲಿ ಬಿದ್ದ ಪ್ರಾಣಿಯ ಜೀವ ಹೋಗುವ ಮೊದಲೇ ಸಾಹೇಬರು ಓಡಿಬಂದು, ದೇವರ ಹೆಸರು ಹೇಳಿ ಕುತ್ತಿಗೆಗೆ ಚೂರಿ ಹಾಕಬೇಕು. ತಡವಾದರೆ ಅವರಿಗೆ ಅದು ಹರಾಮು, ಅವರ ಪಾಲು ಅವರ ಬಾಯಿಗಿಲ್ಲ. ಉಳಿದವರಿಗೆ ಈ ಕಟ್ಟುಪಾಡಿರಲಿಲ್ಲ. ಆದರೂ ಗೌಡರು ಎಲ್ಲರಿಗಿಂತ ಮೊದಲು ಓಡಿಹೋಗಿ, ಸಾಹೇಬರ ಕ್ರಮದಂತೆ ಬಿದ್ದ ಪ್ರಾಣಿಯ ತಲೆಯನ್ನು ಪಡುವಣಕ್ಕೆ ತಿರುಗಿಸಿ ಹಿಡಿದು, "ಬೇಗ ಬಾ ಮಾರಾಯಾ, ಜೀವ ಅದೆ!" ಎಂದು ಕೂಗುತ್ತಿದ್ದರು. ತನ್ನ ಜೊತೆಗಾರ ಉಪವಾಸ ಹೋಗಬಾರದು ಎಂಬುದು ಅವರ ಹಟ.

"ಆ ದಿವಸನೂ ಹಾಗೇ ಓಡಿದ," ಎಂದರು ಸಾಹೇಬರು. "ಜಿಂಕೆ ಬಿದ್ದದ್ದು ಅರಬೈಲಿನ ಮೇಲಿನ ಮಟ್ಟಿಯೊಳಗೆ. ಅಲ್ಲಿ ಕರಡಿ ಮಲಗಿತ್ತು. ಅವನಿಗೆ ಅಲ್ಲಿ ಓಡೂ ಜರೂರತ್ತೇ ಇರ್ಲಿಲ್ಲ ಭಾಯಿ. ನನ್ನ ಚೂರಿಗಾಗಿ ಓಡಿದ."

ಕರಡಿ ಗೌಡರ ಕೆಳದವಡೆಯ ಒಂದು ಬದಿಯನ್ನು ಕಿತ್ತುಹಾಕಿತ್ತು. ಹುಬ್ಬಳ್ಳಿಗೆ ಒಯ್ದು ಜೀವ ಉಳಿಸಿಕೊಂಡದ್ದಾಯಿತು. ಹಲ್ಲು ಹೋದವು, ಅಗಿಯುವ ಶಕ್ತಿ ಹೋಯಿತು. ಸೋವಲು ಹೋಗಲಾಗದಿದ್ದರೂ ಗೌಡರು ಬೇಟೆಯ ದಿನ ತಮ್ಮ ಗದ್ದೆಯಂಚಿನಲ್ಲಿ ನಿಂತು, ಪ್ರಾಣಿ ಆ ಕಡೆ ನುಗ್ಗದಂತೆ ಡಬ್ಬ ಬಡಿಯುತ್ತಿದ್ದರು. ಅಷ್ಟು ಮಾಡಿದವನಿಗೂ ಪಾಲು ಉಂಟು. ಪಾಲನ್ನು ಹಿಡಿದುಕೊಂಡು ಹೋಗುತ್ತಿದ್ದರು, ಮನೆಯಲ್ಲಿ ಉಳಿದವರು ತಿನ್ನುತ್ತಿದ್ದರು, ಅವರು ಗಂಜಿ ಕುಡಿದು ಮಲಗುತ್ತಿದ್ದರು. ಸಾಹೇಬರ ಹೆಂಡತಿ ಕೈಯಲ್ಲೇ ಖೀಮಾ ಕೊಚ್ಚಿ ಕಳಿಸಿದರೆ ಒಂದು ನಾರು ಗಂಟಲಿಗೆ ಸಿಕ್ಕಿ ಗೌಡರ ಕಣ್ಣು ಮೇಲಾಗಿತ್ತಂತೆ.

"ಅವನು ತಿನ್ನೋವರ್ಗೆ ನನಗೆ ರುಚಿ ಇಲ್ಲ," ಎಂದರು. ಲಾರಿಯ ಸದ್ದಿನಲ್ಲಿ ಅವರ ದನಿ ಸಣ್ಣಗಾಗಿತ್ತು. ನಾಲಿಗೆಯಿಂದ ಹಲಸಿನ ಪುಡಿ ಒತ್ತುತ್ತಿದ್ದ ಆ ಬಾಯಿ ಯಾರದ್ದೆಂದು ನನಗೆ ಆಗ ಗೊತ್ತಾಯಿತು. ಅವರು ಗೌಡರ ಬಾಯಿಯನ್ನು ತಮ್ಮ ಬಾಯೊಳಗೆ ಇಟ್ಟುಕೊಂಡು ತಿರುಗುತ್ತಿದ್ದರು.

ಬಿಲ್ಲೆಯ ತೂತನ್ನು ಸಾಹೇಬರ ಮನಸ್ಸಿಗೆ ಬರುವಂತೆ ಕೊರೆಸುವುದರಲ್ಲಿ ಸಾವ್ಕಾರರಿಗೆ ಸಾಕುಸಾಕಾಯಿತು. ಹುಬ್ಬಳ್ಳಿಯ ವರ್ಕ್‌ಶಾಪಿನಿಂದ ಬಿಲ್ಲೆ ಬಂದಾಗಲೆಲ್ಲ ಹಲಸು ಬರುವುದು, ಪರೀಕ್ಷೆಯಾಗುವುದು, ಸಾಹೇಬರು ಕಣ್ಣುಮುಚ್ಚಿ ನುಂಗಿ ತಲೆ ಅಲ್ಲಾಡಿಸುವುದು. ಅಂಗಡಿಯಲ್ಲಿ ಆ ಬೇಸಿಗೆಯಿಡೀ ಹಲಸಿನ ವಾಸನೆ. "ಬಲ್ಬು ತಗಳ್ಳಿಕ್ಕೆ ಬಂದವರು ಹಪ್ಪಳ ಕೇಳ್ತಾರೆ ಮಾರಾಯ್ರೇ" ಎಂದು ಸಾವ್ಕಾರರು ಗೊಣಗಿದರು, ಆದರೂ ಬೇಡ ಎನ್ನಲಿಲ್ಲ. ಅಂತೂ ಒಂದು ಬಿಲ್ಲೆ ಪಾಸಾಯಿತು. ಕೊಯ್ಲಿನ ಹೊತ್ತಿಗೆ ನಾನು ಹೋಗಿ ಕರಿಯ ಯಂತ್ರವನ್ನು ಸಾಹೇಬರ ಪಡಸಾಲೆಯಲ್ಲಿ ಕೂರಿಸಿ ಬಂದೆ. ಅವರ ಹೆಂಡತಿ ಪರದೆಯ ಹಿಂದಿನಿಂದ, "ಇಷ್ಟು ದಿನ ನನ್ನ ಕೈ ಸಾಕಾಗಿತ್ತು, ಈಗ ಸವತಿ ಬಂದ್ಲು" ಎಂದರು. ಸಾಹೇಬರು ಹುಡುಗನಂತೆ ನಕ್ಕರು.

ಆ ನಗು ಬಹಳ ದಿನ ನಿಲ್ಲಲಿಲ್ಲ. ಮುಂದಿನ ಸಲ ಅಂಗಡಿಗೆ ಬಂದವರು ಚಪ್ಪಲಿ ಬಿಟ್ಟು, ಕೈ ಒರೆಸಿ, ಕೌಂಟರಿನ ಮೇಲೆ ಎರಡೂ ಕೈಯೂರಿ ನಿಂತರು.

"ಮಷಿನ್ ಕೆಟ್ಟಿತಾ?" ಎಂದರು ಸಾವ್ಕಾರರು.

"ಮಷಿನ್ ಚಲೋ ಅದೆ. ನಾನೇ ಕೆಡಿಸಿದೆ."

ನಡೆದದ್ದು ಇಷ್ಟು. ಬೇಟೆಯ ಪಾಲು ಹಾಕುವುದಕ್ಕೆ ಅವರಲ್ಲಿ ಒಂದು ಕಟ್ಟುಪಾಡು ಇದೆ. ಸಾಗವಾನಿ ಎಲೆಗಳನ್ನು ಸಾಲಾಗಿ ಹಾಸಿ, ಎಲ್ಲರ ಕಣ್ಣೆದುರೇ ತೊಡೆಯದ್ದಷ್ಟು, ಪಕ್ಕೆಯದ್ದಷ್ಟು, ಕಲಿಜ ಎನ್ನುವ ಈಲಿಯ ಒಂದೊಂದು ತುಂಡು ಎಂದು ಒಂದೇ ಸಮ ಹಂಚಬೇಕು. ಯಾವ ಪ್ರಾಣಿ ಎಂದು ಮನೆಯವರಿಗೆ ತಿಳಿಯಲೆಂದು ಪ್ರತಿ ಎಲೆಯ ಮೇಲೂ ಕೂದಲಿರುವ ಒಂದು ಚೂರು ಚರ್ಮ. ಹಂದಿ ಬಿದ್ದ ದಿನವೂ ಸಾಹೇಬರ ಎಲೆ ತಪ್ಪುತ್ತಿರಲಿಲ್ಲ, ಅದನ್ನು ಅವರು ಬೇರೆ ಯಾರಿಗೋ ಕೊಡುತ್ತಿದ್ದರು. ಎಲೆ ಹಾಸುವುದು ಮುಖ್ಯ. ಅವಸರದ ಸಾಹೇಬರು ಈ ಸಲ ಗೌಡರ ಪಾಲನ್ನು ಎಲೆಗೆ ಹಾಕುವ ಮೊದಲೇ ತಮ್ಮ ಮನೆಗೆ ಒಯ್ದು, ಯಂತ್ರಕ್ಕೆ ಕೊಟ್ಟು, ಮಸಾಲೆ ಹಾಕಿ ಬೇಯಿಸಿ, ಡಬ್ಬಿಯಲ್ಲಿ ತುಂಬಿಸಿ ಇಡಗುಂದಿಗೆ ಒಯ್ದಿದ್ದರು. ಗೌಡರು ಮುಚ್ಚಳ ತೆಗೆದು ನೋಡಿ ಮುಚ್ಚಿದರಂತೆ.

"ಎಂತ ಅಂದ ಗೊತ್ತಾ? ‘ಎಲ್ಲರಿಗೂ ಎಲೆ, ನಂಗೆ ಡಬ್ಬಿ. ಇದು ಪಾಲಲ್ಲ ಮಾರಾಯಾ, ರೋಗಿಗೆ ಕೊಡೂ ಪಥ್ಯ. ನಾ ಇನ್ನು ಗದ್ದೆಯಂಚಿಗೂ ಬಪ್ಪೂದಿಲ್ಲ’ ಅಂದ. ಡಬ್ಬಿ ತೊಳೆದು ಅಕ್ಕಿ ತುಂಬಿಸಿ ವಾಪಸ್ ಕೊಟ್ಟ. ಅದಕ್ಕಿಂತ ಬೈದಿದ್ರೆ ಚಲೋ ಇತ್ತು."

ಗೌಡರು ಅದರ ನಂತರದ ಬೇಟೆಗೆ ಬರಲೇ ಇಲ್ಲವಂತೆ. ದವಡೆ ಹೋದಾಗಲೂ ಹೋಗದಿದ್ದ ಗೆಳೆತನ ಒಂದು ಡಬ್ಬಿಯಿಂದ ಹೋಗುವ ಹಾಗಾಗಿತ್ತು. ಸಾಹೇಬರ ಕಣ್ಣಲ್ಲಿ ನೀರು ನೋಡಿ ನಾನೂ ಸಾವ್ಕಾರರೂ ಎಲ್ಲೆಲ್ಲೋ ನೋಡಿದೆವು. ಮಷಿನ್ನು ವಾಪಸು ಕೊಡಲು ಬಂದಿದ್ದಾರೆಂದೇ ನನ್ನ ಎಣಿಕೆ. ಅವರು ಕೌಂಟರಿನ ಮೇಲೆ ಬೆರಳಿನಿಂದ ಸಾಲಾಗಿ ಗೆರೆ ಎಳೆಯತೊಡಗಿದರು, ಒಂದೊಂದು ಗೆರೆಯೂ ಒಂದೊಂದು ಎಲೆಯೇನೋ ಎನ್ನುವಂತೆ.

"ಅವನು ಹೇಳಿದ್ದು ಖರೇ. ಎಲ್ರದ್ದೂ ಒಂದೇ ಥರ ಇರ್ಬೇಕು. ಅವನದ್ದು ಬೇರೆ ಆಗ್ಬಾರ್ದು." ಬೆರಳು ನಿಂತಿತು. ನನ್ನ ಕಡೆ ತಿರುಗಿದರು. "ಬನವಾಸಿಯವ್ರೇ, ಈ ಮೋಟರು ಒಂದೇ ಸಮ ಎಷ್ಟು ಹೊತ್ತು ಓಡ್ತದೆ? ಎಲ್ಲಾ ಪಾಲು ಹಾಕಿದ್ರೆ ತಡೀತದಾ?"

ಅಲ್ಲಿಂದ ಅವರು ನೇರ ಇಡಗುಂದಿಗೆ ಹೋಗಿ ಬೇಟೆಯ ಜೊತೆಗಾರರ ಒಂದೊಂದೇ ಮನೆ ಹತ್ತಿ ಇಳಿದರಂತೆ. ಯಾರಿಗೂ ಇಷ್ಟವಿರಲಿಲ್ಲ. ಕಷ್ಟಪಟ್ಟು ಹೊಡೆದದ್ದನ್ನು ಕಡಿದು ತಿನ್ನುವುದು ಬಿಟ್ಟು ಕೂಸಿನ ತುತ್ತು ಮಾಡುವುದೇ? "ನನ್ನ ಹಲ್ಲು ಗಟ್ಟಿ ಅದೆ ಸಾಹೇಬ್ರೇ" ಎಂದನಂತೆ ಒಬ್ಬ. "ಒಂದು ದಿವಸ ಅದಕ್ಕೆ ರಜೆ ಕೊಡು" ಎಂದರಂತೆ ಇವರು. ಅಂತೂ ಎಲ್ಲರೂ ಒಲ್ಲದ ಮನಸ್ಸಿನಿಂದಲೇ ಒಪ್ಪಿದರು. ಗೌಡರ ಮನೆಗೆ ಕೊನೆಗೆ ಹೋದರು. ಎಲೆ ಹಾಸಿಯೇ ಪಾಲು ಹಾಕುತ್ತೇವೆ, ನಿನ್ನ ಎಲೆ ನೀನೇ ಎತ್ತಿಕೋ, ಆಮೇಲೆ ನಿನ್ನಿಷ್ಟ ಎಂದಷ್ಟೇ ಹೇಳಿ ಬಂದರು. ಉಳಿದವರ ಒಪ್ಪಿಗೆಯ ಸಂಗತಿ ಎತ್ತಲಿಲ್ಲ.

ಮುಂದಿನ ಬೇಟೆಯ ಭಾನುವಾರ ಯಂತ್ರ ನಡೆಸಲೆಂದು ನಾನೂ ಯಲ್ಲಾಪುರದಲ್ಲಿದ್ದೆ. ಸಂಜೆಯಾದರೆ ಕರೆಂಟು ಸೊರಗುತ್ತದೆಂದು ಮಧ್ಯಾಹ್ನವೇ ಕೆಲಸವಾಗಬೇಕಿತ್ತು. ಗುಂಪಿನಲ್ಲಿ ಸಾಹೇಬರ ಮನೆಯೊಳಗೆ ಉಣ್ಣಲು ಹಿಂದೆಮುಂದೆ ನೋಡುವವರಿದ್ದರು. ಅದು ಸಾಹೇಬರಿಗೂ ಗೊತ್ತಿತ್ತು, ಅದಕ್ಕಾಗಿ ಅವರು ಮುಖ ಸಣ್ಣ ಮಾಡಲಿಲ್ಲ. ಕಾಡಿನಲ್ಲಾದರೆ ಆ ಲೆಕ್ಕವಿಲ್ಲವಲ್ಲ, ಹಾಗಾದರೆ ಹಿತ್ತಲೇ ಕಾಡಾಗಲಿ ಎಂದು ನೇರಳೆ ಮರದ ಬುಡದಲ್ಲಿ ಮೂರು ಕಲ್ಲು ಹೂಡಿಸಿದ್ದರು. ನಾನು ಉದ್ದದ ವೈರು ಎಳೆದು ಯಂತ್ರವನ್ನು ಅಲ್ಲಿಗೇ ತಂದೆ. ಗಾಳಿ ಯಾವ ಕಡೆಯಿಂದ ಬೀಸುತ್ತದೆ ನೋಡಿಕೊಂಡು, ಮೂಗಿಗೆ ಅನುಕೂಲವಾದ ಜಾಗದಲ್ಲಿ ಸ್ವಿಚ್ಚು ಹಿಡಿದು ಕೂತೆ.

ಬೆಳಿಗ್ಗೆ ಇಡಗುಂದಿಯ ಮೇಲಿನ ಕಾಡಿನಲ್ಲಿ ಕಡವೆ ಬಿದ್ದಿತ್ತು. ಗದ್ದೆಯಂಚಿನಲ್ಲಿ ಡಬ್ಬದ ಸದ್ದು ಕೇಳಿತ್ತು ಎಂದು ಯಾರೋ ಪಿಸುಗುಟ್ಟಿದರು. ಆದರೆ ಗೌಡರು ಹಿತ್ತಲಿಗೆ ಬಂದಾಗ ಎಲೆ ಹಾಸುವುದು ಆಗಲೇ ಶುರುವಾಗಿತ್ತು. ಮುಖದ ಅರ್ಧ ಮುಚ್ಚುವಂತೆ ವಸ್ತ್ರ ಸುತ್ತಿದ್ದರು, ಎತ್ತರದ ಆಳು. ಬೇಲಿಯ ಹತ್ತಿರವೇ ನಿಂತರು. ಹಿರಿಯನೊಬ್ಬ ಪಾಲು ಹಾಕಿದ. ಅಲ್ಲಿ ಹಾಜರಿದ್ದವನಿಗೆ ಎಲೆ ತಪ್ಪಿಸಬಾರದೆಂದು ನನಗೂ ಒಂದು ಎಲೆ ಬಂತು, ಅದರ ಮೇಲೆ ಒಂದು ತೆಂಗಿನಕಾಯಿ, ಬೆಲ್ಲದ ಉಂಡೆ. ಸಾಹೇಬರ ಏರ್ಪಾಡೇ ಇರಬೇಕು.

ಗೌಡರು ತಮ್ಮ ಎಲೆ ಎತ್ತಿಕೊಂಡರು. ತೊಡೆಯದ್ದು, ಪಕ್ಕೆಯದ್ದು, ಈಲಿ, ಕೂದಲಿನ ಚೂರು, ಎಲ್ಲವನ್ನೂ ನೋಡಿದರು. ಎಲೆ ಮಡಿಸಿ ಹೊರಡಲು ತಿರುಗಿದರು.  ಆಗ ತನ್ನ ಹಲ್ಲು ಗಟ್ಟಿ ಇದೆ ಎಂದಿದ್ದನಲ್ಲ, ಅವನೇ ತನ್ನ ಎಲೆ ಹಿಡಿದು ಯಂತ್ರದ ಹತ್ತಿರ ಬಂದ. ಎಲುಬನ್ನು ಬೇರೆ ತೆಗೆದಿಟ್ಟು, ಉಳಿದದ್ದನ್ನು ಯಂತ್ರದ ಬಾಯಿಗೆ ಹಾಕಿ ನನ್ನತ್ತ ನೋಡಿದ. ನಾನು ಸ್ವಿಚ್ಚು ಒತ್ತಿದೆ. ಅವನ ಹಿಂದೆ ಇನ್ನೊಬ್ಬ ಬಂದ, ಅವನ ಹಿಂದೆ ಮತ್ತೊಬ್ಬ. ಹಿತ್ತಲಿನಲ್ಲೆಲ್ಲ ಮೋಟರಿನ ಸದ್ದು. ಸಾಹೇಬರೂ ತಮ್ಮ ಪಾಲು ಹಾಕಿದರು. ಗೌಡರು ಬೇಲಿಯ ಹತ್ತಿರವೇ ನಿಂತು ಆ ಸಾಲನ್ನು ನೋಡಿದರು, ಬಹಳ ಹೊತ್ತು ನೋಡಿದರು. ಆಮೇಲೆ ಮಡಿಸಿದ ಎಲೆ ಬಿಚ್ಚಿಕೊಂಡು ಬಂದು ಸಾಲಿನ ಕೊನೆಯಲ್ಲಿ ನಿಂತರು.

ಒಂದೇ ಪಾತ್ರೆಯಲ್ಲಿ ಬೆಂದಿತು. ಎಲ್ಲರೂ ಮರದ ಕೆಳಗೆ ಕೂತರು, ಅನ್ನದ ಮೇಲೆ ಬಡಿಸಿಕೊಂಡರು. ಗೌಡರು ಮನೆಯ ಗೋಡೆಯ ಕಡೆ ಮುಖ ಮಾಡಿ ವಸ್ತ್ರ ಸಡಿಲಿಸಿದರು. ಮೊದಲ ತುತ್ತು ಇಟ್ಟರು. ಸಾಹೇಬರು ತಮ್ಮ ಎಲೆಯ ಮುಂದೆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಆ ಬೆನ್ನನ್ನೇ ನೋಡುತ್ತಿದ್ದರು. ಅವರ ಬಾಯಿ ಸ್ವಲ್ಪ ತೆರೆದಿತ್ತು, ನಾಲಿಗೆ ಒಳಗೊಳಗೇ ಒತ್ತುತ್ತಿತ್ತು. ಗೌಡರು ನುಂಗಿದರು. ಕೆಮ್ಮಲಿಲ್ಲ. ಎರಡನೇ ತುತ್ತು, ಮೂರನೆಯದು. ಆಮೇಲೆ ಗೋಡೆಯ ಕಡೆಯಿಂದ ಈ ಕಡೆಗೆ ತಿರುಗಿಯೇ ಕೂತರು, ಮುರುಕು ಮುಖವನ್ನು ಯಾರಿಗೂ ಮುಚ್ಚದೆ. ಸಾಹೇಬರ ಎಲೆ ಮುಟ್ಟದೆ ಹಾಗೇ ಇರುವುದು ಅವರ ಕಣ್ಣಿಗೆ ಬಿತ್ತು. ಕರಡಿಯ ಮಾತನ್ನು ಅಷ್ಟು ವರ್ಷ ಅವರಿಬ್ಬರ ನಡುವೆ ಯಾರೂ ಎತ್ತಿದ್ದಿಲ್ಲವಂತೆ.

"ನೀ ಎಂತಕ್ಕೆ ಸುಮ್ನೆ ಕೂತೆ ಮಾರಾಯಾ?" ಎಂದರು ಗೌಡರು, ವಾರೆಯಾದ ಬಾಯಿಂದ, ಒಂದೊಂದೇ ಮಾತನ್ನು ಎಳೆದು. "ಕರಡಿ ನಿನ್ನ ದವಡಿನೂ ಒಯ್ತಾ?"

ಹಿತ್ತಲಿಗೆ ಹಿತ್ತಲೇ ನಕ್ಕಿತು. ಸಾಹೇಬರೂ ನಕ್ಕರು, ನಗುತ್ತಲೇ ಅತ್ತರು. ಕಣ್ಣೊರೆಸಿಕೊಂಡು, ದೇವರ ಹೆಸರು ಹೇಳಿ, ಊಟಕ್ಕೆ ಕೈ ಹಾಕಿದರು.